ಒಲ್ಲೆನೆಂಬ ಅಳಿಯ

ಪ್ರತಿಯೊಂದು ಕುಲದಲ್ಲಿಯೂ 'ಒಲ್ಲೆ' ಎಂಬ ಎರಡಕ್ಷರವನ್ನೇ ಬೀಜಮಂತ್ರವಾಗಿ ಪಡೆದು ಜನಿಸುವ ಶಿಶುವೊಂದು ಇದ್ದೇ ಇರುವುದು. ನ್ಯೂಯಾರ್ಕಿನ ಅಲೆಕ್ಸಾಂಡರ್ ಥಾಮಸ್, ಸ್ಟೆಲ್ಲಾ ಚೆಸ್ ಎಂಬ ವೈದ್ಯದಂಪತಿಗಳು 1956ರಲ್ಲಿ ಆರಂಭಿಸಿದ ದೀರ್ಘಾಧ್ಯಯನದಲ್ಲಿ, ಸುಮಾರು ಹತ್ತು ಮಕ್ಕಳಿಗೊಂದು ಹುಟ್ಟುತ್ತಲೇ ಕಠಿಣಸ್ವಭಾವವನ್ನು ತಂದಿರುವುದೆಂದೂ, ಅದಕ್ಕಾಗಿ ಹೆತ್ತವರನ್ನು ದೂಷಿಸತಕ್ಕದ್ದಲ್ಲವೆಂದೂ ಕಂಡುಕೊಂಡರಂತೆ. ಉಳಿದ ಒಂಬತ್ತು ಎಲ್ಲೆಲ್ಲಿ ಜನಿಸಿದವೋ ನಾನರಿಯೆ. ಹತ್ತನೆಯದು ಮಾತ್ರ ಗಂಗಾವತಿ ತಾಲೂಕಿನ ಮರಳಿಯಲ್ಲಿ, ನನ್ನ ತಂಗಿಯ ಉದರದಲ್ಲಿ ಜನಿಸಿ, ನನ್ನನ್ನು 'ಮಾಮಾ' ಎಂದು ಕರೆಯಲಾರಂಭಿಸಿತು.

ತುಂಗಭದ್ರೆಯ ಎಡದಂಡೆ ಕಾಲುವೆಯ ಕೃಪೆಯಿಂದ ಭತ್ತವೇ ಹೊನ್ನಾಗಿರುವ ಆ ಸೀಮೆಯಲ್ಲಿ, ಅನ್ನ ಬಡಿಸಿದ ದಿನ ಜೋಳದ ರೊಟ್ಟಿಯನ್ನೂ, ರೊಟ್ಟಿ ಬಡಿದ ದಿನ ಅನ್ನವನ್ನೂ ಬಯಸುವುದು ಅವನ ನಿತ್ಯವ್ರತ. ಹೊಸ ಅಂಗಿ ಚುಚ್ಚುವುದು. ಕ್ಷೌರಿಕನನ್ನು ಕಂಡರೆ ಮಂಚದಡಿ ಸೇರುವನು. ನಿದ್ರೆ ಬಂದರೆ ನಿದ್ರೆಯ ಮೇಲೆಯೇ ಕೋಪ. ಸ್ವಂತ ಮಕ್ಕಳಿಲ್ಲದ ಕಾರಣದಿಂದಲೇ ಶಿಶುಪಾಲನಶಾಸ್ತ್ರದಲ್ಲಿ ಪಾರಂಗತನಾಗಿದ್ದ ನಾನು, "ಪ್ರೀತಿಲೆ ತಿಳಿಸಿ ಹೇಳಿದ್ರ ಯಾವ ಕೂಸು ಕೇಳಂಗಿಲ್ಲ, ತಂಗೆವ್ವಾ?" ಎಂದು ಉಪದೇಶಿಸಿದೆನು. "ಹಂಗಾರ ಒಂದಿನ ನೀನಽ ಕರಕೊಂಡು ಹೋಗು, ಅಣ್ಣಾ," ಎಂದಳು. ಆಗ ಆಕೆಯ ಮುಖದಲ್ಲಿ ಮೂಡಿದ ಹರ್ಷವು ಪಂಚಮಿಗೆ ಸೀರೆ ಒಯ್ದಾಗಲೂ ಮೂಡಿದ್ದಿಲ್ಲ.

ಒಯ್ದದ್ದು ಆನೆಗೊಂದಿಯ ಸಮೀಪದ ಅಂಜನಾದ್ರಿಗೆ. ಬೆಟ್ಟಕ್ಕೆ 575 ಮೆಟ್ಟಿಲುಗಳೆಂದು ಪಾಂಡಿತ್ಯವನ್ನು ಮೆರೆದದ್ದೇ ಪ್ರಮಾದವಾಯಿತು. "ಒಲ್ಲೆ. ನಾನಽ ಎಣಸ್ತೀನಿ," ಎಂದನು. ಇನ್ನೂರರ ಆಸುಪಾಸಿನಲ್ಲಿ, "ನೀರು ಕುಡೀತಿಯೇನಪಾ?" ಎಂದೆ. "ನೀ ಮಾತಾಡಿದಿ! ತಪ್ಪಿತು!" ಊರ ಹೆಸರಿಗೆ ಕುಂದು ಬಾರದಂತೆ, ಮರಳಿ ಬುಡದಿಂದಲೇ ಆರಂಭವಾಗಬೇಕೆಂದು ಅಲ್ಲಿಯೇ ಕುಳಿತುಬಿಟ್ಟನು. ಪುಟಾಣಿ ಕೊಟ್ಟೆ, ಗದರಿದೆ. ಕಡೆಗೆ, ಇದೇ ಬೆಟ್ಟದ ಅಂಜನಾದೇವಿಯ ಕುಮಾರನು ಉದಯಸೂರ್ಯನನ್ನು ಹಣ್ಣೆಂದು ಭ್ರಮಿಸಿ ಹಾರಿ, ಇಂದ್ರನ ವಜ್ರಾಯುಧದಿಂದ ದವಡೆಗೆ ಪೆಟ್ಟು ತಿಂದ ವೃತ್ತಾಂತವನ್ನು ನೀತಿಸಹಿತ ವಿವರಿಸಿದೆ.

"ಅವರವ್ವ ಬ್ಯಾಡ ಅನ್ನಲಿಲ್ಲೇನು?"

"ಅಂದಿರಬೇಕು."

"ಕೇಳಲಿಲ್ಲಲ್ಲಾ!" ಎಂದು ವಿಜಯೋತ್ಸಾಹದಿಂದ ಕೆಳಗಿಳಿಯತೊಡಗಿದನು. ಎರಡನೆಯ ಬಾರಿ ಕೋತಿಯೊಂದು ನನ್ನ ಕೈಯ ಬಾಳೆಹಣ್ಣನ್ನು ಕಸಿಯಲು ನಾನು ಚೀರಿದೆ, ಮತ್ತೆ ಬುಡ. ಮೂರನೆಯ ಬಾರಿ ಮೌನಿಯಾಗಿ, ಮೊಣಕಾಲ್ಗಳೆರಡನ್ನೂ ಶಪಿಸುತ್ತ ಶಿಖರವನ್ನು ಸೇರಿದೆನು. ಅವನ ಲೆಕ್ಕ 571ಕ್ಕೆ ನಿಂತಿತು. ಹನುಮಂತನ ಸಾಕ್ಷಿಯಾಗಿ ಅದನ್ನೇ ಸತ್ಯವೆಂದು ಒಪ್ಪಿದೆ.

ಸಂಜೆ ತಂಗಿ ಏನನ್ನೂ ಕೇಳಲಿಲ್ಲ. ಎರಡು ಪಾತ್ರೆಗಳ ಮುಚ್ಚಳ ತೆಗೆದಳು: ಒಂದರಲ್ಲಿ ಅನ್ನ, ಮತ್ತೊಂದರಲ್ಲಿ ರೊಟ್ಟಿ. ಪ್ರತಿದಿನವೂ ಎರಡನ್ನೂ ಮಾಡಿಡುತ್ತಿದ್ದಳೆಂಬುದು ನನ್ನ ಶಾಸ್ತ್ರಕ್ಕೆ ಅಂದು ಗೊತ್ತಾಯಿತು.

ಈಗ ಅಳಿಯನು ಪರಸ್ಥಳದ ಹಾಸ್ಟೆಲಿನಲ್ಲಿರುವನು. ರಜೆಗೆ ಬಂದರೆ, "ಏನಿದ್ರೂ ನಡೀತೈತಿ ಬೇ," ಎಂದು ಬಡಿಸಿದ್ದನ್ನು ಉಂಡು ಏಳುವನು; ಇಷ್ಟು ವಿನೀತನಾದ ಈ ತರುಣನೊಡನೆ ಏನು ಮಾತನಾಡಬೇಕೆಂಬುದೇ ನನಗೆ ತೋಚದು. ಮುಚ್ಚಿದ ಎರಡನೆಯ ಪಾತ್ರೆ ಮುಚ್ಚಿದಂತೆಯೇ ಇರುವುದು. ಮರುದಿನ ಆ ತಂಗಳನ್ನು ತಂಗಿ ಮೊಸರು ಹಾಕಿಕೊಂಡು ತಾನೇ ಉಣ್ಣುವಳು. ಇನ್ನೂ ಏಕೆ ಈ ಎರಡಡಿಗೆಯೆಂದು ಒಮ್ಮೆ ಕೇಳಿದೆನು.

"ಒಲ್ಲೆ ಅಂದ್ರ?" ಎಂದಳು.