ಸೆಟ್ಟೇರಿದ ಪದ

ಗಿಡ್ಡ ಪದಗಳನ್ನು ನಂಬಬಾರದು. ಉದ್ದನೆಯವು ಪಾಪ, ಸಾಧು. ಫೋಟೋಸಿಂಥೆಸಿಸ್ ಎನ್ನಲು ನಾಲಿಗೆ ಮೊದಮೊದಲು ಹೊರಳದೆ ಇರಬಹುದು. ಹೊರಳಿತೆಂದರೆ ಅರ್ಥ ಒಂದೇ. ಎಲೆ, ಬಿಸಿಲು, ಅಲ್ಲಿಗೆ ಮುಗಿಯಿತು. ಇಂಗ್ಲಿಷಿನಲ್ಲಿ ಮೂರೇ ಅಕ್ಷರದ ‘ಸೆಟ್’ ಹಾಗಲ್ಲ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಅದರ ಕ್ರಿಯಾಪದ ರೂಪಕ್ಕೇ 430 ಅರ್ಥಗಳು, ಅವನ್ನು ವಿವರಿಸಲು ಸುಮಾರು 60,000 ಪದಗಳು. ಒಂದು ಕಾದಂಬರಿಗೆ ಸಾಕಾಗುವಷ್ಟು. ಕಥೆಯೊಂದಿಲ್ಲ, ಅಷ್ಟೆ.

ಇದರ ಮೂಲ ಕಸುಬು ಕೂರಿಸುವುದು. ‘ಸಿಟ್’ ಅಂದರೆ ತಾನು ಕೂರುವುದು, ‘ಸೆಟ್’ ಅಂದರೆ ಇನ್ನೊಂದನ್ನು ಕೂರಿಸುವುದು. ಉಂಗುರಕ್ಕೆ ಹರಳು ಕೂರಿಸಿದರು, ಮುರಿದ ಮೂಳೆ ಕೂರಿಸಿದರು, ಸರಿ, ಒಪ್ಪೋಣ. ಅಲ್ಲಿಂದಾಚೆಗೆ ಲಗಾಮು ತಪ್ಪಿತು. ಅಲಾರಂ ಇಡುವುದು, ಪ್ರಶ್ನೆಪತ್ರಿಕೆ ತಯಾರಿಸುವುದು, ಅಚ್ಚುಮೊಳೆ ಜೋಡಿಸುವುದು, ಕವಿತೆಗೆ ರಾಗ ಹಾಕುವುದು, ಮನೆಗೆ ಬೆಂಕಿ ಇಡುವುದು, ಎಲ್ಲವೂ ಸೆಟ್ಟೇ. ಸೂರ್ಯ ಮುಳುಗಿದರೂ ಸೆಟ್, ಸಿಮೆಂಟು ಗಟ್ಟಿಯಾದರೂ ಸೆಟ್. ಜೊತೆಗೆ ‘ಅಪ್’ ಎಂಬ ಬಾಲ ಬೇರೆ. ಅದು ಹಿಂದೆ ಬಂದರೆ ಅಂಗಡಿ ಶುರು. ಮುಂದೆ ಬಂದರೆ ಮುಖ ಸಪ್ಪೆ.

ಟೀ ಕಪ್ಪುಗಳ ಸೆಟ್ ಮಾತ್ರ ಬೇರೆ ಮನೆತನದ್ದು. ಲ್ಯಾಟಿನ್ನಿನ ‘ಸೆಕ್ಟಾ’ ಹಳೆಯ ಫ್ರೆಂಚಿನ ದಾರಿಯಲ್ಲಿ ಬಂದು ಹೀಗೆ ಸಣಕಲಾಯಿತು. ಪಂಥ ಎಂಬ ಅರ್ಥದ ‘ಸೆಕ್ಟ್’ ಅದರ ಒಡಹುಟ್ಟು. ಮನೆಯ ಷೋಕೇಸಿನಲ್ಲಿ ನೆಂಟರಿಗೆಂದೇ ಮುಡಿಪಾದ, ನೆಂಟರು ಬಂದರೂ ಹೊರಬಾರದ ಆ ಟೀ ಸೆಟ್ಟನ್ನು ನೋಡಿದಾಗ ಪಂಥದ ರಕ್ತ ಇನ್ನೂ ಹೋಗಿಲ್ಲ ಅನ್ನಿಸುತ್ತದೆ.

ಇಂಥ ಚಕ್ರವರ್ತಿಗೂ ಕುತ್ತು ಬಂತು. ಅದೇ ನಿಘಂಟಿನ ಹೊಸ ಪರಿಷ್ಕರಣೆಯಲ್ಲಿ ಪೀಟರ್ ಗಿಲಿವರ್ ಎಂಬ ಸಂಪಾದಕರು ‘ರನ್’ ಎಂಬ ಕ್ರಿಯಾಪದದ ಬೆನ್ನು ಹತ್ತಿದರು. ಸುಮಾರು ಒಂಬತ್ತು ತಿಂಗಳು ಹೊತ್ತ ಮೇಲೆ 645 ಅರ್ಥಗಳು ಹೊರಬಂದವು. ರೈಲು ಓಡಬೇಕು, ಯಂತ್ರ ಓಡಬೇಕು, ಕಂಪ್ಯೂಟರಿನಲ್ಲಿ ಪ್ರೋಗ್ರಾಮೂ ಓಡಬೇಕು. ಕೂರಿಸುವವನನ್ನು ಓಡುವವನು ಸೋಲಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ಕನ್ನಡದವರು ಸೆಟ್ಟಿನ ಕೈಬಿಟ್ಟಿಲ್ಲ. ಸಿನಿಮಾ ಪುಟ ತೆರೆಯಿರಿ: ‘ಹೊಸ ಚಿತ್ರ ಸೆಟ್ಟೇರಿತು.’ ಸೆಟ್ಟು ಮತ್ತು ಏರು ಸೇರಿ ಸೆಟ್ಟೇರು, ಅಪ್ಪಟ ಲೋಪಸಂಧಿ. ಮೇಷ್ಟ್ರು ಅರ್ಧ ಅಂಕವನ್ನೂ ಕಳೆಯುವಂತಿಲ್ಲ. ಹುಡುಗ ಹಸೆಮಣೆ ಏರಿದ, ಚಿತ್ರ ಸೆಟ್ಟೇರಿತು. ಕಾಡಿನಲ್ಲೇ ಇಡೀ ಚಿತ್ರೀಕರಣ, ಒಂದು ಹಲಗೆಯನ್ನೂ ನಿಲ್ಲಿಸುವುದಿಲ್ಲ ಎಂದು ನಿರ್ದೇಶಕರು ಆಣೆ ಮಾಡಿದರೂ ಅವರ ಚಿತ್ರ ಸೆಟ್ಟೇರಿಯೇ ತೀರುತ್ತದೆ. ರೈತರಲ್ಲಿ ಸೆಟ್ ಅಂದರೆ ಪಂಪ್‌ಸೆಟ್. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಕರೆಂಟು ಉಚಿತ. ಅದು ಯಾವ ಹೊತ್ತಿಗೆ ಬರುತ್ತದೆ ಎಂಬ ಚಿಂತೆಯೂ ಉಚಿತ.

ನಾವು ಕಟ್ಟಿಕೊಂಡ ಅರ್ಥಗಳಲ್ಲಿ ನನ್ನ ಮೆಚ್ಚಿನದು ‘ಸೆಟ್ ಆಗು.’ ಜಾತಕ ಕೂಡಿರುತ್ತದೆ, ಹುಡುಗನಿಗೆ ಸಂಬಳವಿದೆ, ಸ್ವಂತ ಮನೆಯಿದೆ. ಹುಡುಗಿ ಮಾತ್ರ ‘ಯಾಕೋ ಸೆಟ್ ಆಗಲ್ಲಮ್ಮ’ ಅನ್ನುತ್ತಾಳೆ. ‘ಯಾಕೆ, ಏನು ಕಮ್ಮಿ ಆಗಿದೆ ಅವನಿಗೆ?’ ಎಂದು ತಾಯಿ ಕೇಳಿದರೆ ಉತ್ತರ ಮತ್ತೆ ಅದೇ. ಇದರಲ್ಲಿ ಹುಡುಗನ ತಪ್ಪಿಲ್ಲ, ಹುಡುಗಿಯ ಹಟವಿಲ್ಲ, ಮದುವೆ ಮಾತು ತಂದ ಸೋದರಮಾವನಿಗೂ ಅವಮಾನವಿಲ್ಲ. ಎಷ್ಟೋ ಮನೆಗಳ ಮಾನ ಉಳಿಸಿದ ಮಾತು ಇದು. ಬಾಡಿಗೆ ಮನೆ, ಕೆಲಸ, ಊರಿನ ನೀರು, ಬಾಸು, ಎಲ್ಲಕ್ಕೂ ಅದೇ ತೀರ್ಪು ನಡೆಯುತ್ತದೆ, ಮೇಲ್ಮನವಿಗೆ ಅವಕಾಶವಿಲ್ಲ. ನಮ್ಮ ‘ಹಾಕು’ ಎಂಬ ಪದವೂ ಏನು ಕಡಿಮೆಯದಲ್ಲ, ಬೀಗ, ಅಂಗಿ, ಗೊಬ್ಬರ, ಲೆಕ್ಕ, ಶಾಪ ಎಲ್ಲವನ್ನೂ ಹಾಕುತ್ತೇವೆ. ಆದರೂ ಹೀಗೆ ನಯವಾಗಿ ಬಾಗಿಲು ಮುಚ್ಚುವುದು ಅದಕ್ಕೆ ಬಾರದು.

ಇನ್ನು ಸೆಟ್ ದೋಸೆ. ಮೆತ್ತಗೆ, ದಪ್ಪಗೆ, ಮೈತುಂಬ ತೂತು, ಪಕ್ಕದಲ್ಲಿ ಸಾಗು. ಒಂದೇ ಬಂದರೆ ಸೆಟ್ ಆಗದು ಎಂಬುದು ಸರಿ. ಎಷ್ಟು ಬಂದರೆ ಆಗುತ್ತದೆ? ಮೂರು ಎಂಬುದು ವಾಡಿಕೆ. ಎರಡನ್ನೇ ಕೊಟ್ಟು ಸೆಟ್ ಅನ್ನುವ ಹೋಟೆಲುಗಳೂ ಇವೆ. ಬಿಲ್ಲು ಬಂದ ಮೇಲೆ ಅರ್ಥಕ್ಕಾಗಿ ಜಗಳವಾಡಿ ಫಲವಿಲ್ಲ. ಹೇಳುವ ಮೊದಲೇ ಮಾಣಿಯನ್ನು ಕೇಳಿಕೊಂಡುಬಿಡಿ.