‘ಮುಂದೆ ತೊಂದ್ರೆ ಆಗಲ್ಲ ಅಲ್ವಾ ಆಂಟೀ?’

ಕಾಂಪೌಂಡಿನ ಆಚೆ ಬಟ್ಟೆ ಒಣಹಾಕಲು ಬರುವ ಹುಡುಗಿಯರ ಮಾತು ಎಲ್ಲಿಂದಲೋ ಶುರುವಾಗುತ್ತದೆ. ನಲ್ಲಿ ನೀರು ಬಂತಾ, ಕರಿಬೇವು ಎರಡೆಸಳು ಕೊಡ್ತೀರಾ, ಆಫೀಸಿನ ಕ್ಯಾಬು ಇವತ್ತೂ ಲೇಟು. ಆಮೇಲೆ ಅಮ್ಮ ಒಳಗಿದ್ದಾರೋ ಎಂದು ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸುತ್ತಾರೆ. “ಆಂಟೀ, ಎರಡು ತಿಂಗಳಿಂದ ಡೇಟ್ ಆಗಿಲ್ಲ. ಸ್ಕ್ಯಾನ್‌ನಲ್ಲಿ ಪಿಸಿಓಡಿ ಅಂತ ಬಂದಿದೆ. ಮುಂದೆ ತೊಂದ್ರೆ ಆಗಲ್ಲ ಅಲ್ವಾ?” ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಮನೆಯಲ್ಲಿ ಮದುವೆಯ ಮಾತೇ ಎದ್ದಿರುವುದಿಲ್ಲ. ಮಗುವಿನ ಚಿಂತೆ ಮಾತ್ರ ಆಗಲೇ ನಿದ್ದೆ ಕೆಡಿಸಿರುತ್ತದೆ.

ಡಾಕ್ಟರ ಹತ್ತಿರ ಹೋಗು, ಬೇಗ ಹೋಗು ಎಂದೇ ನಾನು ಹೇಳುವುದು. ಆದರೆ ಎಂದೋ ಹುಟ್ಟಬೇಕಾದ ಮಗುವಿನ ನೆಪಕ್ಕೆ ಬೇಡ. ಇವತ್ತು ನಿನ್ನ ಮೈಯಲ್ಲಿ ಏನಾಗುತ್ತಿದೆಯೋ ಅದಕ್ಕೆ ಹೋಗು.

ಈ ಪಿಸಿಓಡಿಯನ್ನೇ ತೆಗೆದುಕೊಳ್ಳಿ. ಡಾಕ್ಟರುಗಳು ಈಗ ಪಿಸಿಓಎಸ್ ಎನ್ನುತ್ತಾರೆ. ಮಕ್ಕಳಾಗುವ ವಯಸ್ಸಿನ 100 ಹೆಂಗಸರಲ್ಲಿ 10ರಿಂದ 13 ಮಂದಿಗೆ ಇದು ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರಿಪೋರ್ಟಿನಲ್ಲಿ ಸಿಸ್ಟ್ ಎಂದು ಬರೆದದ್ದನ್ನು ಓದಿ ಹೊಟ್ಟೆಯೊಳಗೆ ಗೆಡ್ಡೆ ಬೆಳೆದಿದೆ ಎಂದು ಹೆದರುವವರೇ ಹೆಚ್ಚು. ಅವು ಗೆಡ್ಡೆಗಳಲ್ಲ, ಪೂರ್ತಿ ಬೆಳೆಯದೆ ಅರ್ಧಕ್ಕೆ ನಿಂತ, ಅಂಡಾಣುಗಳನ್ನು ಹೊತ್ತ ಪುಟ್ಟ ಕೋಶಗಳು. ಅಂಡಾಣುವಿಗೇನೂ ಬರವಿಲ್ಲ, ತಿಂಗಳು ತಿಂಗಳು ಸರಿಯಾಗಿ ಬಿಡುಗಡೆಯಾಗುತ್ತಿಲ್ಲ, ಅಷ್ಟೆ. ಸ್ಕ್ಯಾನ್ ಒಂದನ್ನೇ ನೋಡಿ ಹೇಳುವ ಕಾಯಿಲೆಯೂ ಅಲ್ಲ ಇದು. ಮುಟ್ಟು ಏರುಪೇರಾಗಿರಬೇಕು, ಗಂಡು ಹಾರ್ಮೋನು ಹೆಚ್ಚಾಗಿ ಗಲ್ಲದಲ್ಲಿ ಕೂದಲೋ ಮೊಡವೆಯೋ ಕಾಣಬೇಕು, ಇಲ್ಲವೇ ಸ್ಕ್ಯಾನ್‌ನಲ್ಲಿ ಅಂಡಾಶಯ ಹಾಗೆ ತೋರಬೇಕು. ಈ ಮೂರರಲ್ಲಿ ಎರಡಾದರೂ ಇರಬೇಕು. ಮೈನೆರೆದು 8 ವರ್ಷ ಆಗದ ಹುಡುಗಿಯರಿಗೆ ಸ್ಕ್ಯಾನ್ ನೋಡಿ ಹಣೆಪಟ್ಟಿ ಹಚ್ಚಲೇಬಾರದೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆ ವಯಸ್ಸಿನಲ್ಲಿ ಆರೋಗ್ಯವಂತರ ಅಂಡಾಶಯವೂ ಹಾಗೇ ಕಾಣುವುದುಂಟು.

ಪಿಸಿಓಎಸ್ ಇದ್ದವರಲ್ಲಿ ಎಷ್ಟೋ ಮಂದಿಗೆ ತಾನಾಗಿ ಗರ್ಭ ನಿಲ್ಲುತ್ತದೆ. ನಿಲ್ಲದವರಿಗೆ ಮೊದಲು ಕೊಡುವುದು ಲೆಟ್ರೋಜೋಲ್ ಎಂಬ, ದುಬಾರಿಯಲ್ಲದ ಮಾತ್ರೆ. ತೂಕ ಹೆಚ್ಚಿದ್ದವರು ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೂ ಸಾಕು, ಹಲವರ ಮುಟ್ಟು ಹಳಿಗೆ ಬರುತ್ತದೆ. ನನಗೆ ಚಿಂತೆಯಾಗುವುದು ಬೇರೆ ಕಾರಣಕ್ಕೆ. ಮೂರು ತಿಂಗಳು ದಾಟಿದರೂ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ಹೊರಹೋಗದೆ ದಪ್ಪವಾಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಅಲ್ಲಿ ಕ್ಯಾನ್ಸರ್ ಆಗುವ ಅಪಾಯ ಹೆಚ್ಚುತ್ತದೆ. ಸಕ್ಕರೆ ಕಾಯಿಲೆಯೂ ಇವರಿಗೆ ಬೇಗ ಬರಬಹುದು. ಇವೆಲ್ಲ ಆಗುವುದು ಆ ಹುಡುಗಿಗೇ, ಅವಳು ಮದುವೆಯಾಗಲಿ ಬಿಡಲಿ.

ಹೀಗಿರುವಾಗ “ಮದುವೆ ಆದ್ಮೇಲೆ ಎಲ್ಲ ಸರಿಹೋಗುತ್ತೆ ಬಿಡೇ” ಎಂದು ತಾಯಂದಿರು ಹೇಳುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ಅದಕ್ಕಿಂತ ಹೆಚ್ಚಿನ ಸಂಕಟ ರಿಪೋರ್ಟನ್ನು ಬೀರುವಿನಲ್ಲಿ ಸೀರೆಯ ಮಡಿಕೆಯೊಳಗೆ ಬಚ್ಚಿಡುವುದನ್ನು ಕಂಡಾಗ. ಗಂಡಿನ ಕಡೆಯವರಿಗೆ ಗೊತ್ತಾದರೆ ಸಂಬಂಧ ತಪ್ಪೀತು ಎಂಬ ಅವರ ಹೆದರಿಕೆ ಸುಳ್ಳಲ್ಲ, ತಪ್ಪಿದ್ದೂ ಇದೆ. ಆದರೆ ಬಚ್ಚಿಟ್ಟ ರಿಪೋರ್ಟಿನ ಜೊತೆ ಚಿಕಿತ್ಸೆಯೂ ಬೀರು ಸೇರುತ್ತದೆ. ಹುಡುಗಿಗೆ ತಾನು ಯಾವುದೋ ಕುಂದು ಹೊತ್ತವಳು ಎಂಬ ಭಾವನೆ ಉಳಿಯುತ್ತದೆ. ಥೈರಾಯ್ಡ್ ಮಾತ್ರೆಯನ್ನು ಯಾರ ಭಯವೂ ಇಲ್ಲದೆ ನುಂಗುತ್ತೇವಲ್ಲ, ಇದನ್ನೂ ಹಾಗೆ ನೋಡಬೇಕು. ಅಂದಹಾಗೆ ಮುಟ್ಟು ತಪ್ಪುವುದಕ್ಕೆ ಥೈರಾಯ್ಡೂ ಕಾರಣವಾಗಬಹುದು. ಆ ರಕ್ತಪರೀಕ್ಷೆಯನ್ನು ಮರೆಯಬಾರದು.

ನೋವಿನದು ಇನ್ನೊಂದು ಕಥೆ. ಮುಟ್ಟಿನ ದಿನ ಜೀರಿಗೆ ಕಷಾಯ, ಬಿಸಿನೀರಿನ ಚೀಲ, ಒಂದು ಮಾತ್ರೆ, ಇಷ್ಟಕ್ಕೆ ಅಡಗುವ ನೋವಾದರೆ ಸರಿ. ತಿಂಗಳು ತಿಂಗಳೂ ಕಾಲೇಜಿಗೆ ರಜೆ ಹಾಕಿಸುವ, ಮಾತ್ರೆಗೂ ಜಗ್ಗದ, ಮಲವಿಸರ್ಜನೆಗೆ ಕೂತಾಗಲೂ ಹಿಂಡುವ ನೋವನ್ನು “ನಮಗೂ ಹಂಗೇ ಆಗ್ತಿತ್ತು, ಒಂದು ಮಗು ಆದ್ರೆ ಹೋಗುತ್ತೆ” ಎಂದು ತಳ್ಳಿಹಾಕಬಾರದು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆಯುವ ಎಂಡೊಮೆಟ್ರಿಯೋಸಿಸ್ ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಇರುತ್ತದೆ. ಸಹಿಸಿಕೊಂಡವಳೇ ಜಾಣೆ ಎಂದು ಕಲಿಸಿಟ್ಟಿರುವುದರಿಂದ ಅದು ಗೊತ್ತಾಗುವ ಹೊತ್ತಿಗೆ ಎಷ್ಟೋ ವರ್ಷ ಸರಿದಿರುತ್ತದೆ. ನಮ್ಮ ದೇಶದಲ್ಲಿ ಕ್ಷಯವನ್ನೂ ನೆನಪಿಡಬೇಕು. ಕೆಮ್ಮೇ ಇಲ್ಲದೆ ಗರ್ಭನಾಳಕ್ಕೆ ಇಳಿದು ಅದನ್ನು ಸದ್ದಿಲ್ಲದೆ ಮುಚ್ಚಿಬಿಡುವ ರೋಗ ಅದು. ಮನೆಯಲ್ಲಿ ಯಾರಿಗಾದರೂ ಕ್ಷಯ ಆಗಿತ್ತು, ಮುಟ್ಟು ತೀರ ಕಡಿಮೆಯಾಗಿದೆ, ತೂಕ ಇಳಿಯುತ್ತಿದೆ ಎಂದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಬೇಡದ ಭಯಗಳೂ ಬೇಕಾದಷ್ಟಿವೆ. ವರಮಹಾಲಕ್ಷ್ಮಿ ಹಬ್ಬಕ್ಕೋ ಅಕ್ಕನ ಮದುವೆಗೋ ಮುಟ್ಟು ಮುಂದೂಡುವ ಮಾತ್ರೆ ನುಂಗಿ, ಅದರಿಂದ ಬಂಜೆತನ ಬರುತ್ತದೆಂದು ಒಳಗೊಳಗೇ ಕೊರಗುವವರಿದ್ದಾರೆ. ಬರುವುದಿಲ್ಲ, ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ ಎನ್ನುವುದು ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಸಲ್ಲದು ಎಂಬ ಕಾರಣಕ್ಕೆ. ಗರ್ಭನಿರೋಧಕ ಗುಳಿಗೆಗಳೂ ಮುಂದಿನ ಬಸಿರನ್ನು ಕಸಿಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರ’ ಎಂಬ ಗರ್ಭನಿರೋಧಕ ಚುಚ್ಚುಮದ್ದು ನಿಲ್ಲಿಸಿದ ಮೇಲೆ ಮಾತ್ರ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು.

ವಯಸ್ಸಿನ ಮಾತನ್ನು ಮುಚ್ಚಿಡುವುದಿಲ್ಲ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಹೊಸದು ಹುಟ್ಟುವುದಿಲ್ಲ, ಇದ್ದದ್ದು ಸವೆಯುತ್ತದೆ. ಗರ್ಭ ನಿಲ್ಲುವ ಸಾಧ್ಯತೆ 32ರ ಸುಮಾರಿಗೆ ಮೆಲ್ಲಗೆ, 37ರ ನಂತರ ಬೇಗ ಇಳಿಯುತ್ತದೆ. ಇದನ್ನೇ ಹಿಡಿದು ಇಪ್ಪತ್ತೈದರ ಹುಡುಗಿಯರಿಗೆ, ಉಳಿದ ಅಂಡಾಣುಗಳ ಅಂದಾಜು ಕೊಡುವ ಎಎಂಎಚ್ ಎಂಬ ರಕ್ತಪರೀಕ್ಷೆಯ ಪ್ಯಾಕೇಜು ಮಾರುವುದು ನನಗೆ ಸರಿಕಾಣುವುದಿಲ್ಲ. 30ರಿಂದ 44 ವಯಸ್ಸಿನ, ಮಕ್ಕಳಾಗದ ತೊಂದರೆಯ ಚರಿತ್ರೆ ಇಲ್ಲದ ಹೆಂಗಸರನ್ನು ಅಮೆರಿಕದಲ್ಲಿ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಎಂಎಚ್ ಕಡಿಮೆ ಇದ್ದವರಿಗೂ ಉಳಿದವರಷ್ಟೇ ಗರ್ಭ ನಿಂತಿತ್ತು. ಐವಿಎಫ್ ಮಾಡುವವರಿಗೆ ಔಷಧದ ಅಳತೆ ಗೊತ್ತುಮಾಡಲು ಆ ಪರೀಕ್ಷೆ ಬೇಕು, ಒಪ್ಪುತ್ತೇನೆ. ಅಂಡಾಣು ಶೈತ್ಯೀಕರಿಸಿ ಇಡುವುದೂ ಖಾತರಿಯ ಠೇವಣಿಯಲ್ಲ. ಆದರೆ ಕ್ಯಾನ್ಸರಿಗೆ ಕೀಮೋ ಶುರುವಾಗಲಿರುವ ಹುಡುಗಿಗೆ ಅದು ದೊಡ್ಡ ಆಸರೆ. ಕೀಮೋಗೆ ಮೊದಲೇ ಕೇಳಬೇಕು, ಡಾಕ್ಟರು ಮರೆತರೂ ಮನೆಯವರು ನೆನಪಿಸಬೇಕು.

ಮದುವೆಯಾಗಿ ಆರು ತಿಂಗಳಿಗೇ “ಏನಾದ್ರೂ ವಿಶೇಷ ಉಂಟಾ?” ಎಂದು ಕೇಳುವವರಿಗೆ ವೈದ್ಯರ ಲೆಕ್ಕ ಗೊತ್ತಿರಲಿ. ಹೆಂಡತಿಗೆ 35 ಆಗಿರದಿದ್ದರೆ, ಯಾವ ತಡೆಯೂ ಇಲ್ಲದೆ ಒಂದು ವರ್ಷ ಪ್ರಯತ್ನಿಸಿ ನೋಡಬಹುದು. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಜೋಡಿಗಳಿಗೆ ಅಷ್ಟರಲ್ಲಿ ಗರ್ಭ ನಿಲ್ಲುತ್ತದೆ. 35 ದಾಟಿದ್ದರೆ ಆರು ತಿಂಗಳು. 40 ಆಗಿದ್ದರೆ ಕಾಯುವುದೇ ಬೇಡ. ಮುಟ್ಟು ಏರುಪೇರು, ಹಿಂದೆ ಕ್ಷಯ ಅಥವಾ ಕಿಬ್ಬೊಟ್ಟೆಯ ಆಪರೇಷನ್, ಗಂಡನಿಗೆ ಚಿಕ್ಕಂದಿನಲ್ಲಿ ವೃಷಣ ಇಳಿಯದ ತೊಂದರೆ, ಇವಿದ್ದರೂ ಕಾಯಬಾರದು.

ಮೊದಲ ಪರೀಕ್ಷೆಗೆ ಗಂಡನೂ ಹೋಗಬೇಕು. ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ, ದೊಡ್ಡ ಖರ್ಚಿಲ್ಲ. ಆದರೂ ಸೊಸೆಯ ಗರ್ಭನಾಳಕ್ಕೆ ಬಣ್ಣ ಹಾಯಿಸಿ ಎಕ್ಸ್‌ರೇ ತೆಗೆಸಿ, ನಾಗಪ್ರತಿಷ್ಠೆ ಮಾಡಿಸಿ, ಅವಳನ್ನು ಅಶ್ವತ್ಥಕಟ್ಟೆ ಸುತ್ತಿಸಿ, ಮಗನ ಹೆಸರೇ ಎತ್ತದ ಮನೆಗಳಿವೆ. ಹರಕೆ ಅವರವರ ನಂಬಿಕೆ, ಬೇಡ ಎನ್ನಲಾರೆ. ಅದೇ ವಾರ ಮಗನನ್ನೂ ಲ್ಯಾಬಿಗೆ ಕಳಿಸಿ ಎನ್ನುತ್ತೇನೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು ಹಿಡಿಯುವುದರಿಂದ ಅವನು ಸಿಗರೇಟು, ಗುಟ್ಕಾ ಬಿಟ್ಟದ್ದರ ಫಲವೂ ಅಷ್ಟು ದಿನದ ಮೇಲೆಯೇ ಕಾಣುವುದು.

ಮದುವೆಯಾಗದ ಹುಡುಗಿಯರು ಆಸ್ಪತ್ರೆ ಮೆಟ್ಟಿಲು ಹತ್ತದಿರುವುದಕ್ಕೆ ಒಂದು ಕಾರಣವನ್ನು ತೀರ ಹತ್ತಿರ ಬಂದಾಗ ಮಾತ್ರ ಹೇಳುತ್ತಾರೆ: ಒಳಗಿನ ಪರೀಕ್ಷೆ ಮಾಡುತ್ತಾರೆಂಬ ಭಯ. ಸಾಮಾನ್ಯವಾಗಿ ಅವರಿಗೆ ಸ್ಕ್ಯಾನನ್ನು ಹೊಟ್ಟೆಯ ಮೇಲಿಂದಲೇ ಮಾಡುತ್ತಾರೆ. ಮೂತ್ರಕೋಶ ತುಂಬಿರಬೇಕು, ಅಷ್ಟೆ. ಒಳಪರೀಕ್ಷೆ ಬೇಕೆಂದರೂ ಒಪ್ಪಿಗೆ ಕೇಳಲೇಬೇಕು. ಬೇಡ ಎನ್ನುವ ಹಕ್ಕು ಅವಳದು. ಹಿಂದಿನ ಆರು ತಿಂಗಳ ಡೇಟುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ನೋವಿದ್ದರೆ ಯಾವ ದಿನ ಎಷ್ಟು ಎಂದು ಗುರುತುಹಾಕಿಕೊಂಡು, ಮನೆ ಬಿಡುವ ಮುಂಚೆ ನಾಲ್ಕು ಲೋಟ ನೀರು ಕುಡಿದು ಹೊರಟರಾಯಿತು.