ದಿನಕ್ಕೆ ಕಾಲು ಸುತ್ತು

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಸೋದರತ್ತೆಯ ಮನೆಯದು ಮದ್ರಾಸ್ ತಾರಸಿ. ತೇಗದ ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ನಿಲ್ಲಿಸಿ ಜೋಡಿಸಿದ ಸಣ್ಣ ಇಟ್ಟಿಗೆ, ಸುಣ್ಣದ ಗಾರೆ. ಕಾಲಾಂತರದಲ್ಲಿ ನಡುಮನೆಯ ತೊಲೆಗೆ ಹೊಟ್ಟೆ ಬಂತು; ಮಾವನಿಗೂ ಬಂದಿದ್ದರಿಂದ ಯಾರೂ ಗಾಬರಿಯಾಗಲಿಲ್ಲ. ರಸೆಲ್ ಮಾರ್ಕೆಟ್ಟಿನಿಂದ ತಂದ ನಿಂಬೆಹಣ್ಣು ಮಹಡಿಯಲ್ಲಿ ಎಲ್ಲಿ ಬಿದ್ದರೂ ನಡುವಿನ ಮಂಚದ ಕೆಳಗೇ ಸಿಗುತ್ತಿತ್ತು. ಹುಡುಕುವ ತಾಪತ್ರಯವಿಲ್ಲವೆಂದು ಅತ್ತೆ ಇದನ್ನು ಮನೆಯ ಸೌಕರ್ಯಗಳಲ್ಲಿ ಸೇರಿಸಿದ್ದರು.

ಬಡಗಿ ಎಷ್ಟು ಸಲ ಕೀಸಿದರೂ ಮಹಡಿಯ ಬಾಗಿಲು ಮುಚ್ಚದಾದಾಗ ಮಾವ ಶಿವಾಜಿನಗರದ ಗುಜರಿಯಿಂದ ಲಾರಿ ಜಾಕಿ ಹೊತ್ತು ತಂದರು. ಗಾರೆ ಮೇಸ್ತ್ರಿ ಅದನ್ನು ಮುಟ್ಟಲೂ ಇಲ್ಲ. "ಎಣ್ಣೆ ಜಾಕಿ ಸಾರ್ ಇದು. ವಾಷರ್ ಹೋದ್ರೆ ಸದ್ದಿಲ್ದೆ ಕೂತ್ಕೊಳ್ಳುತ್ತೆ. ಸ್ಕ್ರೂ ಜಾಕಿ ತರ್ತೀನಿ." ನೆಲ ಗಟ್ಟಿಯಿದೆಯೇ ಎಂದು ಮೊದಲು ಅಗೆದು ನೋಡಿದ. ಭಾರ ಹರಡಲೆಂದು ಜಾಕಿಯ ಅಡಿಗೆ ದಪ್ಪ ಹಲಗೆ, ತೊಲೆ ನುಜ್ಜಾಗದಿರಲೆಂದು ಮೇಲೆ ಕಬ್ಬಿಣದ ತಟ್ಟೆ. ಪಕ್ಕದಲ್ಲೇ ಮರದ ತುಂಡುಗಳ ಅಟ್ಟಣೆ. "ಜಾಕಿ ಇರೋದು ಎತ್ತೋಕೆ. ಹೊರೋದು ಅಟ್ಟಣೆ." ಗೋಡೆಯ ಬಿರುಕಿಗೆ ಅಡ್ಡಲಾಗಿ ಗಾಜಿನ ಚೂರು ಅಂಟಿಸಿದ. ಗಾಜು ಒಡೆದರೆ ಗೋಡೆ ಕದಲಿತೆಂದು ಲೆಕ್ಕ. ಕೆಲಸ ಅಲ್ಲಿಗೇ ನಿಲ್ಲಬೇಕು.

"ದಿನಕ್ಕೆ ಕಾಲು ಸುತ್ತು," ಎಂದ.

ಸೀರೆಯಿಂದ ಸೇಫ್ಟಿಪಿನ್ನಿನವರೆಗೆ ಎಲ್ಲವನ್ನೂ ಅರ್ಧಕ್ಕೆ ಕೇಳುವ ಅತ್ತೆ ಮೊದಲ ಬಾರಿಗೆ ದುಪ್ಪಟ್ಟು ಕೇಳಿದರು: "ಅರ್ಧ ಸುತ್ತು ಮಾಡ್ಕೊಳ್ಳಪ್ಪ."

ನಾನೂ ಅತ್ತೆಯ ಪರ ವಕಾಲತ್ತು ವಹಿಸಿದೆ. 1860ರಲ್ಲಿ ಶಿಕಾಗೋದ ಲೇಕ್ ಸ್ಟ್ರೀಟಿನ ಅಂಗಡಿಸಾಲನ್ನು ಸುಮಾರು 6,000 ಜಾಕಿ ಕೊಟ್ಟು, ಐದೇ ದಿನದಲ್ಲಿ ನಾಲ್ಕೂವರೆ ಅಡಿಗೂ ಮೇಲೆ ಎತ್ತಿದರು. ಒಳಗೆ ವ್ಯಾಪಾರ ನಡೆದೇ ಇತ್ತು.

"ಹಂಗಾದ್ರೆ ಆರು ಸಾವಿರ ಜಾಕಿ ಕೊಡಿಸಿ," ಎಂದ ಮೇಸ್ತ್ರಿ. "ಅದೂ ಅಲ್ದೆ ಅವರ ಕಟ್ಟಡ ತಗ್ಗಲ್ಲಿತ್ತು, ಎಲ್ಲಾ ಕಡೆ ಒಟ್ಟಿಗೆ ಎತ್ತಿದ್ರು. ನಿಮ್ಮದು ಬಗ್ಗಿದೆ ಅಮ್ಮ. ಅವಸರ ಮಾಡಿದ್ರೆ ಗಾರೆ ತಲೆ ಮೇಲೆ ಬರುತ್ತೆ."

ಅಂತೂ ತೊಲೆ ನೇರವಾಯಿತು. ಮನೆಯಲ್ಲಿ ಮಿಕ್ಕದ್ದೆಲ್ಲ ಸೊಟ್ಟ ಎಂಬುದು ಆಮೇಲೆ ತಿಳಿಯಿತು. ಕೀಸಿ ಕೀಸಿ ಓರೆಯಾಗಿದ್ದ ಬಾಗಿಲ ಮೇಲೆ ಬೆಕ್ಕು ನುಗ್ಗುವಷ್ಟು ಸಂದಿ. ಕಾಲಿಗೆ ರಟ್ಟು ಕೊಟ್ಟು ನೆಟ್ಟಗೆ ನಿಲ್ಲಿಸಿದ್ದ ಬೀರು ಈಗ ಗೋಡೆಗೆ ಒರಗಿತು.

ತೊಲೆಯಡಿಗೆ ಹೊಸ ಕಂಬ ಎದ್ದಿತು. ಕಾಂಕ್ರೀಟು ಗಟ್ಟಿಯಾಗುವವರೆಗೆ ಜಾಕಿ ಕದಲಿಸುವಂತಿಲ್ಲ. ಅಷ್ಟರಲ್ಲೇ ಮೇಸ್ತ್ರಿ ಲೆಕ್ಕ ಒಪ್ಪಿಸಿದ. ಅತ್ತೆ ತುಟಿಪಿಟಕ್ಕೆನ್ನದೆ ಕೇಳಿದಷ್ಟನ್ನೂ ಎಣಿಸಿಕೊಟ್ಟರು. ಮಾವ ಬಾಯಿಬಿಟ್ಟು ನೋಡುತ್ತಿದ್ದುದನ್ನು ಕಂಡು ಪಿಸುಗುಟ್ಟಿದರು: "ಜಾಕಿ ಇನ್ನೂ ತೊಲೆ ಕೆಳಗೇ ಇದೆಯಲ್ರೀ. ಬಿಚ್ಚೋವರೆಗೂ ಅವನು ಹೇಳಿದ್ದೇ ರೇಟು."